ಜಾಹೀರಾತು ವರದಿಯ ಮಾತನ್ನು ರೂಪಾಯಿ ಲೆಕ್ಕಕ್ಕೆ ಇಳಿಸುವುದು ಹೇಗೆ? ಕರಾವಳಿಯ ಸಣ್ಣ ಉದ್ಯಮಿಗಳಿಗೆ ಮಾರ್ಗದರ್ಶಿ

ಉಡುಪಿ, ಮಣಿಪಾಲ, ಮಂಗಳೂರಿನ ಸುತ್ತಮುತ್ತ ಸಣ್ಣ ಉದ್ಯಮ ನಡೆಸುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹಪ್ಪಳ, ಉಪ್ಪಿನಕಾಯಿ ಮಾರುವವರು, ಮಲ್ಪೆಯ ಬಳಿ ಹೋಮ್‌ಸ್ಟೇ ಇಟ್ಟವರು, ಸುರತ್ಕಲ್ಲಿನಲ್ಲಿ ಓದು ಮುಗಿಸಿ ಆ್ಯಪ್ ಕಟ್ಟಲು ಹೊರಟ ಯುವಕರು, ಎಲ್ಲರದೂ ಅದೇ ಪ್ರಶ್ನೆ. ಆನ್‌ಲೈನ್ ಜಾಹೀರಾತಿಗೆ ಹಣ ಕೊಟ್ಟಿದ್ದಾರೆ, ತಿಂಗಳ ಕೊನೆಗೆ ಇಪ್ಪತ್ತು ಪುಟಗಳ ವರದಿ ಬಂದಿದೆ, ಅದರಲ್ಲಿ ರೀಚ್ ಏರಿದೆ, ಎಂಗೇಜ್‌ಮೆಂಟ್ ಚೆನ್ನಾಗಿದೆ, ಬ್ರ್ಯಾಂಡ್ ಬೆಳೆಯುತ್ತಿದೆ ಎಂದೆಲ್ಲ ಬರೆದಿದೆ. ಆದರೆ ಕೈಗೆ ಲಾಭ ಬಂತೋ, ಕೈಯಿಂದ ಹೋಯಿತೋ ಎಂಬುದು ಮಾತ್ರ ಆ ಇಪ್ಪತ್ತು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಜಿಲ್ಲೆಯವರಿಗೆ ಅಳತೆ ಹೊಸದಲ್ಲ. ಶಂಕರಪುರದ ಮಲ್ಲಿಗೆಯಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ಅಟ್ಟೆಗೆ ಇಂತಿಷ್ಟು ಎಂದು ಗೊತ್ತಾದರೆ ಸಾಕು, ಬೆಳೆದವರು, ಕಟ್ಟಿದವರು, ಕೊಂಡವರು ಎಲ್ಲರೂ ಒಂದೇ ಲೆಕ್ಕದಲ್ಲಿ ಮಾತಾಡಬಹುದು. ಜಾಹೀರಾತಿನ ವ್ಯವಹಾರದಲ್ಲಿಯೂ ಪ್ರತಿ ಪದದ ಹಿಂದೆ ಇಂತಹ ಒಂದು ಅಳತೆ ಇರಬೇಕು. ಅದನ್ನು ಕೇಳಿ ಪಡೆಯುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದವು

ಕಳೆದ ಮೂರು ತಿಂಗಳ ಜಾಹೀರಾತು ವರದಿಗಳು, ಅದೇ ಅವಧಿಯ ಬ್ಯಾಂಕ್ ಮತ್ತು ಯುಪಿಐ ಜಮೆಯ ವಿವರ, ವಾಪಸಾದ ಪಾರ್ಸೆಲ್‌ಗಳ ಪಟ್ಟಿ, ನಿಮ್ಮ ಪರವಾಗಿ ಜಾಹೀರಾತು ನಡೆಸುವ ಏಜೆನ್ಸಿಯ ಬಿಲ್ಲುಗಳು, ಇವಿಷ್ಟನ್ನು ಒಟ್ಟುಮಾಡಿಕೊಳ್ಳಿ. ಜಾಹೀರಾತು ಖಾತೆಗೆ ನೀವೇ ಲಾಗಿನ್ ಆಗಲು ಸಾಧ್ಯವಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಸಾಧ್ಯವಿಲ್ಲದಿದ್ದರೆ ಉಳಿದ ಕೆಲಸಕ್ಕೆ ಮೊದಲು ಆ ಪ್ರವೇಶವನ್ನು ಕೇಳಿ ಪಡೆಯಿರಿ. ಏಜೆನ್ಸಿ ಆರಿಸಿ ಕಳುಹಿಸಿದ ಚಿತ್ರಗಳನ್ನಷ್ಟೇ ನೋಡಿ ಯಾವ ತೀರ್ಮಾನಕ್ಕೂ ಬರಬಾರದು.

ಹಂತ 1: ಒಂದು ಮಾರಾಟದಲ್ಲಿ ನಿಮಗೆ ಉಳಿಯುವುದೆಷ್ಟು ಎಂದು ಬರೆದಿಡಿ

ಒಂದು ಆರ್ಡರಿನ ಸರಾಸರಿ ಬೆಲೆಯಿಂದ ಸಾಮಗ್ರಿ, ಕೂಲಿ, ಪ್ಯಾಕಿಂಗ್, ಕೊರಿಯರ್, ಪಾವತಿ ಶುಲ್ಕ ಇವನ್ನು ಕಳೆದು ಉಳಿಯುವ ಮೊತ್ತವೇ ನಿಮ್ಮ ಅಳತೆಗೋಲು. ಒಬ್ಬ ಗ್ರಾಹಕನನ್ನು ತರಲು ಇದಕ್ಕಿಂತ ಹೆಚ್ಚು ಖರ್ಚಾದರೆ ಮೊದಲ ಮಾರಾಟದಲ್ಲಿ ನಷ್ಟವೆಂದೇ ಅರ್ಥ. ಈ ಒಂದು ಅಂಕಿ ಇಲ್ಲದೆ ಏಜೆನ್ಸಿಯವರ ಮುಂದೆ ಕುಳಿತರೆ ಮಾತೆಲ್ಲ ಅವರ ಅಂಕಿಗಳ ಸುತ್ತಲೇ ನಡೆಯುತ್ತದೆ.

ಹಂತ 2: ಪ್ರಸ್ತಾವನೆಯ ಪದಗಳಿಗೆ ಗೆರೆ ಎಳೆಯಿರಿ

ಏಜೆನ್ಸಿ ಕಳುಹಿಸಿದ ಪ್ರಸ್ತಾವನೆಯನ್ನು ಮುದ್ರಿಸಿಕೊಂಡು, ಎಣಿಸಲು ಬಾರದ ಪ್ರತಿ ಪದದ ಕೆಳಗೆ ಗೆರೆ ಎಳೆಯಿರಿ. ‘ಬ್ರ್ಯಾಂಡ್ ಅವೇರ್‌ನೆಸ್’, ‘ಸಿನರ್ಜಿ’, ‘ಗ್ರೋತ್ ಹ್ಯಾಕಿಂಗ್’, ‘360 ಡಿಗ್ರಿ ಮಾರ್ಕೆಟಿಂಗ್’, ‘ಆರ್ಗ್ಯಾನಿಕ್ ಬಜ್’ ಮುಂತಾದವು ಸಾಮಾನ್ಯವಾಗಿ ಸಿಗುತ್ತವೆ. ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆಗಳು ಮೂರು: ಇದನ್ನು ಯಾವುದರಿಂದ ಅಳೆಯುತ್ತೀರಿ, ಇಂದು ಅದು ಎಷ್ಟಿದೆ, ಯಾವ ದಿನಾಂಕದೊಳಗೆ ಎಷ್ಟಾಗಬೇಕು. ಬ್ರ್ಯಾಂಡ್ ಅವೇರ್‌ನೆಸ್, ಎಂದರೆ ಹೆಸರಿನ ಪರಿಚಯ, ಅಳೆಯಲಾಗದ ವಸ್ತುವೇನಲ್ಲ. ನಿಮ್ಮ ಅಂಗಡಿಯ ಹೆಸರನ್ನೇ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕಿದವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರಿದೆಯೇ ಎಂದು ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ನೋಡಬಹುದು. ಕಸುಬು ಬಲ್ಲ ಏಜೆನ್ಸಿ ಈ ಮೂರು ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತದೆ. ಉತ್ತರದ ಬದಲು ಇನ್ನೊಂದು ಅಂತಹದೇ ಪದ ಬಂದರೆ ಅದರ ಕೆಳಗೂ ಗೆರೆ ಎಳೆಯಿರಿ.

ಹೂಡಿಕೆದಾರರ ಮುಂದೆ ಹೋಗುವ ಸ್ಟಾರ್ಟಪ್‌ಗಳಿಗೂ ಇದೇ ಮಾತು. ‘ಟ್ರ್ಯಾಕ್ಷನ್’ ಎಂದು ಬರೆಯುವಲ್ಲಿ ಹಣ ಕೊಟ್ಟ ಗ್ರಾಹಕರ ಸಂಖ್ಯೆ ಬರೆಯಿರಿ. ‘ಜಿಎಂವಿ’ ಎಂದರೆ ನಿಮ್ಮ ವೇದಿಕೆಯ ಮೂಲಕ ನಡೆದ ಒಟ್ಟು ವಹಿವಾಟು. ಅದು ನಿಮ್ಮ ಆದಾಯವಲ್ಲ, ರದ್ದಾದ ಆರ್ಡರುಗಳೂ ಅದರಲ್ಲಿ ಸೇರಿರಬಹುದು. ‘ಎಆರ್‌ಆರ್’ ಎಂಬುದು ವರ್ಷಕ್ಕೆ ಮರಳಿ ಮರಳಿ ಬರುವ ಚಂದಾ ಆದಾಯ. ಜಾತ್ರೆಯ ತಿಂಗಳಲ್ಲಿ ಒಮ್ಮೆ ಆದ ಮಾರಾಟವನ್ನು ಹನ್ನೆರಡರಿಂದ ಗುಣಿಸಿ ಆ ಹೆಸರು ಕೊಡುವುದು ತಪ್ಪು.

ಹಂತ 3: ವರದಿಯ ಅಂಕಿಗಳನ್ನು ಬಿಡಿಸಿ ಓದಿ

ಇಲ್ಲಿಂದ ಮುಂದೆ ಒಂದೇ ಕಾಲ್ಪನಿಕ ಉದಾಹರಣೆಯನ್ನು ಹಿಡಿದು ಹೋಗೋಣ. ಉಡುಪಿಯ ಹಲಸಿನ ಹಪ್ಪಳದ ಘಟಕವೊಂದು ಒಂದು ತಿಂಗಳು ಜಾಹೀರಾತಿಗೆ ₹20,000 ಹಾಕಿತು ಎಂದುಕೊಳ್ಳಿ. ವರದಿಯಲ್ಲಿ ಇಂಪ್ರೆಷನ್ 2,50,000, ರೀಚ್ 90,000, ಕ್ಲಿಕ್ 3,000, ಆರ್ಡರ್ 140 ಎಂದಿದೆ.

ಇಂಪ್ರೆಷನ್ ಎಂದರೆ ಜಾಹೀರಾತು ಪರದೆಯ ಮೇಲೆ ಬಂದ ಒಟ್ಟು ಸಲ. ರೀಚ್ ಎಂದರೆ ಅದು ತಲುಪಿದ ಬೇರೆ ಬೇರೆ ಖಾತೆಗಳ ಅಂದಾಜು ಸಂಖ್ಯೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ 2.8 ಎಂಬುದು ಫ್ರೀಕ್ವೆನ್ಸಿ, ಎಂದರೆ ಒಬ್ಬರಿಗೆ ಸರಾಸರಿ ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕ. ಇಂಪ್ರೆಷನ್ ಸಂಖ್ಯೆಯನ್ನು ಹಿಡಿದು ‘ಎರಡೂವರೆ ಲಕ್ಷ ಜನ ನೋಡಿದರು’ ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ತಿದ್ದಿ. ರೀಚ್ ಅಂಕಿಯನ್ನೂ ಊರಿನ ಜನಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ ಸುಮಾರು 11.77 ಲಕ್ಷ; ಜಿಲ್ಲೆಯೊಳಗೆ ಮಾತ್ರ ಹಾಕಿದ ಜಾಹೀರಾತು 3 ಲಕ್ಷ ಜನರನ್ನು ತಲುಪಿತು ಎಂದರೆ ತೊಟ್ಟಿಲ ಮಕ್ಕಳನ್ನೂ ಸೇರಿಸಿ ನಾಲ್ವರಲ್ಲಿ ಒಬ್ಬರಿಗೆ ತಲುಪಿದೆ ಎಂದಾಯಿತು. ಅದು ಸಾಧ್ಯವಿಲ್ಲವೆಂದಲ್ಲ, ಆದರೆ ಜಾಹೀರಾತು ಜಿಲ್ಲೆಯ ಹೊರಗೂ ಓಡಿದೆಯೇ ಎಂದು ಕೇಳಲು ಅಷ್ಟು ಕಾರಣ ಸಾಕು.

ಸಿಪಿಎಂ ಎಂದರೆ ಸಾವಿರ ಇಂಪ್ರೆಷನ್‌ಗೆ ಬಿದ್ದ ಖರ್ಚು. ಕೊನೆಯ ಅಕ್ಷರ ಸಾವಿರ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಮಿಲಿಯನ್ ಅಲ್ಲ. ನಮ್ಮ ಉದಾಹರಣೆಯಲ್ಲಿ ಅದು ₹80. ಸಿಟಿಆರ್ ಎಂದರೆ ತೋರಿಸಿದ ಪ್ರತಿ ನೂರು ಸಲದಲ್ಲಿ ಒತ್ತಿದವರೆಷ್ಟು ಎಂಬುದು; ಇಲ್ಲಿ ಶೇ 1.2. ಒಂದು ಕ್ಲಿಕ್ಕಿಗೆ ಬಿದ್ದ ಖರ್ಚು ಸುಮಾರು ₹6.67.

‘ವ್ಯೂ’ ಎಂಬ ಪದದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಪ್ರತಿ ವೇದಿಕೆಯಲ್ಲಿ ಅದರ ಅರ್ಥ ಬೇರೆ. ಯೂಟ್ಯೂಬಿನಲ್ಲಿ ವಿಡಿಯೊ ನಡುವೆ ಬರುವ, ಸ್ಕಿಪ್ ಮಾಡಬಹುದಾದ ಜಾಹೀರಾತನ್ನು 30 ಸೆಕೆಂಡು, ಅಥವಾ ಅದಕ್ಕಿಂತ ಚಿಕ್ಕದಾದರೆ ಪೂರ್ತಿಯಾಗಿ, ನೋಡಿದರೆ ಅಥವಾ ಅದನ್ನು ಒತ್ತಿದರೆ ಒಂದು ವ್ಯೂ. ಅದೇ ಯೂಟ್ಯೂಬಿನ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಓಡತೊಡಗಿದರೆ ಸಾಕು, ವ್ಯೂ ಆಗುತ್ತದೆ. ಫೇಸ್‌ಬುಕ್ 3 ಸೆಕೆಂಡಿನ ಲೆಕ್ಕವನ್ನು ಕೊಡುತ್ತದೆ. ಇಷ್ಟು ದೊಡ್ಡ ಕಂಪನಿಗಳ ಅಂಕಿಯೂ ತಪ್ಪಬಲ್ಲದು: 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟು ಸರಾಸರಿ ತೆಗೆದ ಕಾರಣ ವಿಡಿಯೊ ನೋಡಿದ ಸರಾಸರಿ ಸಮಯ ಹೆಚ್ಚಾಗಿ ಕಾಣುತ್ತಿತ್ತೆಂದು ಫೇಸ್‌ಬುಕ್ ಸಂಸ್ಥೆಯೇ 2016ರಲ್ಲಿ ಒಪ್ಪಿಕೊಂಡಿತ್ತು. ಆದುದರಿಂದ ಎರಡು ವೇದಿಕೆಗಳ ವ್ಯೂಗಳನ್ನು ಕೂಡಿಸಿ ಒಂದೇ ಮೊತ್ತವಾಗಿ ತೋರಿಸಿದ ವರದಿಯನ್ನು ಹಿಂದಿರುಗಿಸಿ, ಬೇರೆ ಬೇರೆಯಾಗಿ ಕೊಡಲು ಹೇಳಿ.

‘ಲೀಡ್’ ಎಂಬುದು ಇನ್ನೂ ಜಾರುವ ಪದ. ಕೊಳ್ಳುವ ಸಾಧ್ಯತೆಯಿರುವ ವ್ಯಕ್ತಿ ಎಂಬುದು ಅದರ ಅರ್ಥ. ನಮ್ಮಲ್ಲಿ ಹೆಚ್ಚಿನವರು ಹಾಕುವುದು ವಾಟ್ಸ್ಆ್ಯಪಿಗೆ ಕರೆದೊಯ್ಯುವ ಜಾಹೀರಾತು. ಅದನ್ನು ಒತ್ತಿದಾಗ ‘ನಮಸ್ಕಾರ, ಇದರ ಬಗ್ಗೆ ಹೆಚ್ಚಿನ ಮಾಹಿತಿ ಬೇಕಿತ್ತು’ ಎಂಬಂತಹ ಸಂದೇಶ ಮೊದಲೇ ತುಂಬಿಕೊಂಡು ಬರುತ್ತದೆ. ಕಳುಹಿಸುವ ಗುಂಡಿಯ ಮೇಲೆ ಬೆರಳು ತಾಗಿದರೆ ವರದಿಯಲ್ಲಿ ಒಂದು ಸಂಭಾಷಣೆ ಆರಂಭವಾದಂತೆ ದಾಖಲಾಗುತ್ತದೆ. ನಿಮ್ಮ ವಾಟ್ಸ್ಆ್ಯಪನ್ನೇ ತೆರೆದು, ಇಂತಹ ಕೊನೆಯ ನೂರು ಸಂದೇಶಗಳನ್ನು ಒಂದೊಂದಾಗಿ ನೋಡಿ. ಅದೇ ಸಿದ್ಧ ವಾಕ್ಯ ಕಳುಹಿಸಿ ಮತ್ತೆ ಮಾತನಾಡದವರೆಷ್ಟು, ‘ರೇಟ್ ಎಷ್ಟು’ ಎಂದು ಕೇಳಿ ಸುಮ್ಮನಾದವರೆಷ್ಟು, ವಿಳಾಸ ಕೊಟ್ಟವರೆಷ್ಟು ಎಂದು ಮೂರು ಸಾಲಿನಲ್ಲಿ ಗುರುತು ಹಾಕಿ. ಒಂದು ಗಂಟೆಯ ಕೆಲಸ. ಇದರಿಂದ ತಿಳಿಯುವಷ್ಟು ಯಾವ ವರದಿಯಿಂದಲೂ ತಿಳಿಯುವುದಿಲ್ಲ ಎಂಬುದು ನನ್ನ ಅನುಭವ. ಇನ್ನು ಮುಂದೆ ಹೆಸರು, ಬೇಕಾದ ವಸ್ತು, ಊರು, ಈ ಮೂರನ್ನೂ ತಿಳಿಸಿದವರನ್ನು ಮಾತ್ರ ಲೀಡ್ ಎಂದು ಕರೆಯುವುದಾಗಿ ಏಜೆನ್ಸಿಯೊಂದಿಗೆ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ.

ಹಂತ 4: ರೋಆಸ್ ಅಂಕಿಯನ್ನು ಪೂರ್ತಿ ಖರ್ಚಿನೊಂದಿಗೆ ಮತ್ತೆ ಲೆಕ್ಕ ಹಾಕಿ

ರೋಆಸ್ ಎಂದರೆ ಜಾಹೀರಾತಿಗೆ ಹಾಕಿದ ಒಂದು ರೂಪಾಯಿಗೆ ಎಷ್ಟು ರೂಪಾಯಿಯ ಮಾರಾಟ ಬಂತು ಎಂಬ ಅನುಪಾತ. ನಮ್ಮ ಹಪ್ಪಳ ಘಟಕದ ಸರಾಸರಿ ಆರ್ಡರ್ ₹500 ಆಗಿದ್ದರೆ 140 ಆರ್ಡರಿಗೆ ₹70,000. ಅದನ್ನು 20,000ದಿಂದ ಭಾಗಿಸಿದರೆ 3.5. ವರದಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ‘ಮೂರೂವರೆ ಪಟ್ಟು’ ಎಂದು ಬರುವುದು ಇದೇ.

ಈಗ ನಿಮ್ಮ ಕಡೆಯ ಲೆಕ್ಕವನ್ನು ಬರೆಯಿರಿ. ಜಾಹೀರಾತು ₹20,000, ಏಜೆನ್ಸಿಯ ಶುಲ್ಕ ₹10,000, ಎರಡರ ಮೇಲೂ ಶೇ 18 ಜಿಎಸ್‌ಟಿ ₹5,400, ಒಟ್ಟು ₹35,400. ಕ್ಯಾಷ್ ಆನ್ ಡೆಲಿವರಿಯಲ್ಲಿ 20 ಪಾರ್ಸೆಲ್ ವಾಪಸಾದವು, ಒಂದಕ್ಕೆ ಹೋಗಿ ಬರುವ ಖರ್ಚು ₹100ರಂತೆ ₹2,000 ಹೋಯಿತು. ಉಳಿದ 120 ಆರ್ಡರುಗಳಲ್ಲಿ ಎಲ್ಲ ಕಳೆದು ಒಂದಕ್ಕೆ ₹180 ಉಳಿದರೆ ₹21,600. ಹೋದದ್ದು ₹37,400, ಬಂದದ್ದು ₹21,600, ನಷ್ಟ ₹15,800. ಜಿಎಸ್‌ಟಿ ನೋಂದಣಿ ಇದ್ದು ಇನ್‌ಪುಟ್ ಕ್ರೆಡಿಟ್, ಎಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಪಡೆಯುವವರಿಗೆ ಇದರಲ್ಲಿ ₹5,400 ಮರಳುತ್ತದೆ. ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಅವಕಾಶವಿಲ್ಲ.

ವರದಿಯ 3.5 ಸುಳ್ಳಲ್ಲ, ಆದರೂ ಅದೇ ತಿಂಗಳು ಘಟಕಕ್ಕೆ ಹದಿನಾರು ಸಾವಿರದಷ್ಟು ನಷ್ಟವಾಗಿದೆ. ರೋಆಸ್ ಮಾರಾಟವನ್ನು ಹೇಳುತ್ತದೆ, ಉಳಿತಾಯವನ್ನು ಹೇಳುವುದಿಲ್ಲ. ಶುಲ್ಕ, ತೆರಿಗೆ, ವಾಪಸಾತಿ ಯಾವುದೂ ಅದರೊಳಗೆ ಬರುವುದಿಲ್ಲ. ಈ ಹಂತದಲ್ಲಿ ಏಜೆನ್ಸಿಯವರು ‘ಎಲ್‌ಟಿವಿ’ ಎಂಬ ಪದವನ್ನು ಮುಂದಿಡಬಹುದು. ಒಬ್ಬ ಗ್ರಾಹಕ ನಿಮ್ಮೊಂದಿಗೆ ಇರುವಷ್ಟು ಕಾಲ ತಂದುಕೊಡುವ ಒಟ್ಟು ಮೌಲ್ಯ ಎಂದು ಅದರ ಅರ್ಥ, ಮತ್ತು ಆ ವಾದದಲ್ಲಿ ಹುರುಳಿದೆ. ಆದರೆ ಅದನ್ನೂ ಲೆಕ್ಕಕ್ಕೆ ಇಳಿಸಿ: ₹15,800 ನಷ್ಟ ತುಂಬಲು ₹180ರಂತೆ ಇನ್ನೂ 88 ಆರ್ಡರು ಬೇಕು. ಆ 120 ಮಂದಿಯಲ್ಲಿ 88 ಮಂದಿ ಹೊಸ ಜಾಹೀರಾತಿನ ಖರ್ಚಿಲ್ಲದೆ ಮತ್ತೊಮ್ಮೆ ಕೊಳ್ಳುವರೇ? ಹಿಂದಿನ ವರ್ಷದ ನಿಮ್ಮ ಆರ್ಡರ್ ಪುಸ್ತಕದಲ್ಲಿ ಎರಡನೇ ಸಲ ಬಂದ ಹೆಸರುಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ.

ಹಂತ 5: ಯಾವ ಮಾರಾಟ ಯಾರ ಲೆಕ್ಕಕ್ಕೆ ಸೇರಿದೆ ಎಂದು ಪರೀಕ್ಷಿಸಿ

ಆಟ್ರಿಬ್ಯೂಷನ್ ಎಂದರೆ ಒಂದು ಮಾರಾಟದ ಶ್ರೇಯವನ್ನು ಯಾವ ಜಾಹೀರಾತಿಗೆ ಕೊಡಬೇಕು ಎಂಬ ನಿಯಮ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ಜಾಹೀರಾತುಗಳಲ್ಲಿ ರೂಢಿಯ ಸೆಟ್ಟಿಂಗ್ ಪ್ರಕಾರ, ಒತ್ತಿದ 7 ದಿನಗಳೊಳಗೆ ಅಥವಾ ಬರೀ ಕಂಡ 1 ದಿನದೊಳಗೆ ಕೊಂಡರೂ ಆ ಮಾರಾಟ ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಹಳೆಯ ಗಿರಾಕಿಯೊಬ್ಬರು ಬೆಳಿಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತನ್ನು ಸರಿಸಿ ಮುಂದೆ ಹೋಗಿ, ಸಂಜೆ ಎಂದಿನಂತೆ ಆರ್ಡರ್ ಕೊಟ್ಟರೂ ಅದು ಜಾಹೀರಾತು ತಂದ ಮಾರಾಟವಾಗಬಹುದು. ಗೂಗಲ್ ಕೂಡ ಅದೇ ಮಾರಾಟವನ್ನು ತನ್ನದೆನ್ನಬಹುದು. ಎರಡೂ ವೇದಿಕೆಗಳು ಹೇಳಿದ ಆರ್ಡರುಗಳನ್ನು ಕೂಡಿಸಿದರೆ ಬ್ಯಾಂಕಿಗೆ ಬಂದ ಆರ್ಡರುಗಳಿಗಿಂತ ಹೆಚ್ಚಾಗುವುದು ಹೀಗೆಯೇ.

ಇದಕ್ಕೆ ಸರಳ ಪರೀಕ್ಷೆಯೊಂದಿದೆ. ನಾಲ್ಕು ವಾರ ಕುಂದಾಪುರ ತಾಲೂಕಿನಲ್ಲಿ ಮಾತ್ರ ಜಾಹೀರಾತು ಓಡಿಸಿ, ಕಾರ್ಕಳದಲ್ಲಿ ನಿಲ್ಲಿಸಿ. ಅದಕ್ಕೆ ಹಿಂದಿನ ನಾಲ್ಕು ವಾರಗಳ ಮಾರಾಟದೊಂದಿಗೆ ಎರಡೂ ಕಡೆಯ ವ್ಯತ್ಯಾಸವನ್ನು ಹೋಲಿಸಿ. ಕಾರ್ಕಳದಲ್ಲಿ ಮಾರಾಟ ಇಳಿಯದಿದ್ದರೆ ಅಲ್ಲಿಯ ಗ್ರಾಹಕರು ಜಾಹೀರಾತಿಲ್ಲದೆಯೂ ಬರುತ್ತಿದ್ದರು ಎಂದು ತಿಳಿಯಬೇಕು.

ಹೋಲಿಕೆಯಲ್ಲಿ ಋತುವನ್ನು ಮರೆಯಬೇಡಿ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧವಿದೆ. ಮಲ್ಪೆಯ ಹೋಮ್‌ಸ್ಟೇಗೆ ಜುಲೈಗಿಂತ ಡಿಸೆಂಬರಿನಲ್ಲಿ ಹೆಚ್ಚು ಬುಕಿಂಗ್ ಬಂದರೆ ಅದನ್ನು ಏಜೆನ್ಸಿಯ ‘ಗ್ರೋತ್’ ಎಂದು ಒಪ್ಪಿಕೊಳ್ಳಲಾಗದು. ಡಿಸೆಂಬರನ್ನು ಹಿಂದಿನ ಡಿಸೆಂಬರಿನೊಂದಿಗೇ ಹೋಲಿಸಿ.

ಹಂತ 6: ‘ಉಡುಪಿ’ ಎಂಬ ಹೆಸರಿಗೆ ಸೋರಿಹೋಗುವ ಹಣವನ್ನು ತಡೆಯಿರಿ

ಈ ತೊಂದರೆ ನಮ್ಮ ಊರಿನವರಿಗೇ ವಿಶೇಷವಾದದ್ದು. ಗೂಗಲ್ ಜಾಹೀರಾತಿನಲ್ಲಿ ಸ್ಥಳವನ್ನು ಉಡುಪಿ ಎಂದು ಆರಿಸಿದರೂ ರೂಢಿಯ ಸೆಟ್ಟಿಂಗ್ ಉಡುಪಿಯಲ್ಲಿ ಇರುವವರನ್ನು ಮಾತ್ರವಲ್ಲ, ಉಡುಪಿಯ ಬಗ್ಗೆ ಆಸಕ್ತಿ ತೋರಿದವರನ್ನೂ ಸೇರಿಸಿಕೊಳ್ಳುತ್ತದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಕುಳಿತು ಹತ್ತಿರದ ‘ಉಡುಪಿ ಹೋಟೆಲ್’ ಹುಡುಕುವವರಿಗೆ ನಿಮ್ಮ ಕಲ್ಸಂಕದ ಅಂಗಡಿಯ ಜಾಹೀರಾತು ಕಂಡರೆ ಆ ಕ್ಲಿಕ್ಕಿನ ಹಣ ನೀವೇ ಕೊಡಬೇಕಾಗುತ್ತದೆ. ಸ್ಥಳದ ಆಯ್ಕೆಗಳನ್ನು ತೆರೆದು, ಆ ಸ್ಥಳದಲ್ಲಿ ಇರುವವರು ಅಥವಾ ನಿಯಮಿತವಾಗಿ ಬರುವವರು ಮಾತ್ರ ಎಂಬುದನ್ನು ಆರಿಸಿ. ಪ್ರವಾಸಿಗರು ಬೇಕಾದ ಹೋಮ್‌ಸ್ಟೇಯವರಿಗೆ ಮಾತ್ರ ಹಳೆಯ ಸೆಟ್ಟಿಂಗೇ ಅನುಕೂಲ. ಜನರು ನಿಜವಾಗಿ ಟೈಪ್ ಮಾಡಿದ ಪದಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಸಂಬಂಧವಿಲ್ಲದವನ್ನು ನೆಗೆಟಿವ್ ಕೀವರ್ಡ್, ಎಂದರೆ ‘ಈ ಪದಕ್ಕೆ ತೋರಿಸಬೇಡ’ ಎಂಬ ಪಟ್ಟಿಗೆ ಸೇರಿಸಿ.

ಹಂತ 7: ನಿಮ್ಮ ಸ್ವಂತ ಜಾಹೀರಾತಿನ ಕನ್ನಡವನ್ನು ಸರಿಪಡಿಸಿ

ಏಜೆನ್ಸಿಯ ಪದಗಳನ್ನು ಪ್ರಶ್ನಿಸಿದ ನಾವು ನಮ್ಮ ಗ್ರಾಹಕರಿಗೆ ಅಂತಹದೇ ಮಾತು ಆಡಬಾರದು. ‘ಕರಾವಳಿಯ ಮತ್ಸ್ಯೋದ್ಯಮ ಪರಿಸರ ವ್ಯವಸ್ಥೆಗೆ ಎಐ ಚಾಲಿತ ಸಮಗ್ರ ಪರಿಹಾರ’ ಎಂಬ ಸಾಲನ್ನು ಬೋಟಿನ ಮಾಲೀಕರ ಕಿವಿಯಿಂದ ಕೇಳಿ ನೋಡಿ. ಪರಿಸರ ವ್ಯವಸ್ಥೆ ಎಂದರೆ ಅವರಿಗೆ ಕಾಡು, ನದಿ, ಕಡಲು. ಪರಿಹಾರ ಎಂದರೆ ಭೂಸ್ವಾಧೀನಕ್ಕೋ ಬೆಳೆಹಾನಿಗೋ ಸರ್ಕಾರ ಕೊಡುವ ಹಣ, ಇಲ್ಲವೇ ಜೋಯಿಸರು ಹೇಳುವ ಶಾಂತಿ. ಇಂಗ್ಲಿಷಿನ ಸೊಲ್ಯೂಷನ್ ಎಂಬುದಕ್ಕೆ ನಿಘಂಟಿನ ಪದ ಹಾಕಿದಾಗ ಹೀಗಾಗುತ್ತದೆ. ಅದೇ ಆ್ಯಪ್ ಮಾಡುವ ಕೆಲಸವನ್ನು ‘ಬೋಟು ದಡ ಸೇರುವ ಮೊದಲೇ ಮಲ್ಪೆ ಬಂದರಿನ ಇಂದಿನ ಬಂಗುಡೆ ದರ ನಿಮ್ಮ ಮೊಬೈಲಿನಲ್ಲಿ’ ಎಂದು ಬರೆದರೆ ಓದಿದವರು ಬೆಲೆ ಎಷ್ಟು ಎಂದು ಕೇಳುತ್ತಾರೆ. ಯಾರಿಗೆ, ಏನು, ಯಾವಾಗ, ಎಷ್ಟಕ್ಕೆ ಎಂಬ ನಾಲ್ಕರಲ್ಲಿ ಮೂರಾದರೂ ಸಾಲಿನಲ್ಲಿ ಇರಬೇಕು. ಎಐ ಎಂಬ ಪದವನ್ನು ಅದು ಮಾಡುವ ಕೆಲಸ ಹೇಳಲು ಬಂದರೆ ಮಾತ್ರ ಬಳಸಿ.

ಹಂತ 8: ಕಾನೂನು ಅರ್ಥ ಕಟ್ಟಿರುವ ಪದಗಳನ್ನು ತಿಳಿದು ಬಳಸಿ

‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’, ‘ಟ್ರೆಡಿಷನಲ್’ ಮುಂತಾದ ಪದಗಳನ್ನು ಆಹಾರ ಪದಾರ್ಥಗಳಿಗೆ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ಮತ್ತು ಹೇಳಿಕೆಗಳ (ಕ್ಲೇಮ್ಸ್) ನಿಯಮಗಳಲ್ಲಿ ಷರತ್ತುಗಳಿವೆ. ‘ಪರಿಸರಸ್ನೇಹಿ’ ಎಂದು ಬರೆಯುವವರು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ಗ್ರೀನ್‌ವಾಷಿಂಗ್ (ಪರಿಸರ ಕಾಳಜಿಯ ಸುಳ್ಳು ಹೇಳಿಕೆ) ತಡೆ ಮಾರ್ಗಸೂಚಿಯಂತೆ ಆಧಾರ ತೋರಿಸಬೇಕು. ಅಡಿಕೆ ಹಾಳೆಯ ತಟ್ಟೆ ಮಾರುವವರು ‘ಅಡಿಕೆ ಹಾಳೆಯಿಂದ ಮಾಡಿದ್ದು, ಪ್ಲಾಸ್ಟಿಕ್ ಲೇಪನವಿಲ್ಲ’ ಎಂದು ಇದ್ದದ್ದನ್ನು ಬರೆದರೆ ಸಾಕಾಗುತ್ತದೆ. ‘ನಂ. 1’ ಎಂಬುದಕ್ಕೂ ಆಧಾರ ಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು. ರೀಲ್ಸ್ ಮಾಡುವವರಿಗೆ ಹಣ ಅಥವಾ ಉಚಿತ ಊಟ ಕೊಟ್ಟು ಹೊಗಳಿಸಿದರೆ ಅದು ಜಾಹೀರಾತು ಎಂದು ರೀಲಿನಲ್ಲಿ ಸ್ಪಷ್ಟವಾಗಿ ಕಾಣಬೇಕು.

ಹಂತ 9: ಒಪ್ಪಂದದಲ್ಲಿ ಇವಿಷ್ಟು ಇರಲಿ

ಜಾಹೀರಾತು ಖಾತೆ, ಫೇಸ್‌ಬುಕ್ ಪುಟ, ವೆಬ್‌ಸೈಟಿನ ಡೊಮೈನ್ ಎಲ್ಲವೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಬೇಕು. ಏಜೆನ್ಸಿಗೆ ಕೆಲಸ ಮಾಡುವ ಅನುಮತಿ ಮಾತ್ರ. ಹಿಂದೊಮ್ಮೆ ನಾನು ನೆರವಾಗುತ್ತಿದ್ದ ಅಂಗಡಿಯೊಂದರ ಪುಟ ಏಜೆನ್ಸಿಯ ಖಾತೆಯಲ್ಲಿದ್ದುದರಿಂದ, ಬೇರೆಯಾದ ಮೇಲೆ ನಾಲ್ಕು ವರ್ಷಗಳ ಚಿತ್ರಗಳೂ ಗ್ರಾಹಕರ ಅಭಿಪ್ರಾಯಗಳೂ ಮರಳಿ ಸಿಗಲಿಲ್ಲ. ಅಂದಿನಿಂದ ನಾನು ಮೊದಲು ಓದುವುದು ಒಪ್ಪಂದದ ಈ ಭಾಗವನ್ನು.

ಶುಲ್ಕವು ಜಾಹೀರಾತು ಖರ್ಚಿನ ಶೇಕಡಾವಾರು ಆಗಿದ್ದರೆ ನೀವು ಹೆಚ್ಚು ಖರ್ಚು ಮಾಡಿದಷ್ಟೂ ಅವರಿಗೆ ಹೆಚ್ಚು ಸಿಗುತ್ತದೆ. ಸಣ್ಣ ಉದ್ಯಮಕ್ಕೆ ನಿಗದಿತ ಮಾಸಿಕ ಶುಲ್ಕವೇ ವಾಸಿ ಎಂದು ನನ್ನ ಅಭಿಪ್ರಾಯ. ತಿಂಗಳ ವರದಿ ಒಂದೇ ಪುಟದಲ್ಲಿ, ಒಟ್ಟು ಖರ್ಚು, ತಲುಪಿದ ಆರ್ಡರುಗಳು, ವಾಪಸಾದವು, ಒಬ್ಬ ಹೊಸ ಗ್ರಾಹಕನಿಗೆ ಬಿದ್ದ ಖರ್ಚು, ಈ ನಾಲ್ಕು ಅಂಕಿಗಳಿಂದ ಆರಂಭವಾಗಬೇಕೆಂದು ಬರೆಸಿಕೊಳ್ಳಿ. ಲೀಡ್, ವ್ಯೂ, ಕನ್ವರ್ಷನ್ (ನೋಡಿದವರು ಕೊಂಡವರಾಗುವುದು) ಪದಗಳಿಗೆ ನೀವು ಒಪ್ಪಿದ ಅರ್ಥಗಳನ್ನು ಕೊನೆಯ ಪುಟದಲ್ಲಿ ಸೇರಿಸಿ, ಇಬ್ಬರೂ ಸಹಿ ಹಾಕಿ.

ಒಪ್ಪಂದ ಮುಗಿದ ದಿನವೇ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಏಜೆನ್ಸಿಯ ಅನುಮತಿಯನ್ನು ತೆಗೆಯಿರಿ, ಹಳೆಯ ವರದಿಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕೊನೆಯ ದಿನಾಂಕ ಹಾಕದೆ ದಿನಕ್ಕೆ ಇಂತಿಷ್ಟು ಎಂದು ಬಿಟ್ಟ ಜಾಹೀರಾತು ಯಾರಾದರೂ ನಿಲ್ಲಿಸುವವರೆಗೆ ಓಡುತ್ತಲೇ ಇರುತ್ತದೆ ಮತ್ತು ಕಾರ್ಡಿನಿಂದ ಹಣ ಹೋಗುತ್ತಲೇ ಇರುತ್ತದೆ. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನಲ್ಲಿಯೂ ‘ಆಫ್’ ಎಂದು ಕಾಣುತ್ತಿದೆಯೇ ಎಂದು ನೋಡಿ, ಮರುದಿನ ಬೆಳಿಗ್ಗೆ ಬ್ಯಾಂಕಿನ ಸಂದೇಶಗಳನ್ನೂ ಒಮ್ಮೆ ಪರಿಶೀಲಿಸಿ.